ಒಂದೇ ಪ್ರಶ್ನೆಯಷ್ಟು ಬ್ಯಾಟರಿ

ಆ ದಿನ ಬೆಳಗ್ಗೆ ಶಿಕಾರಿಪುರದಲ್ಲಿ ಕರೆಂಟೂ ಇರಲಿಲ್ಲ, ಫೋನೂ ಇರಲಿಲ್ಲ. ತೊಂಬತ್ತಾರರ ಮೇ ತಿಂಗಳು. ಹಿಂದಿನ ಸಂಜೆ ಬೀಸಿದ ಗಾಳಿ ಶಿರಾಳಕೊಪ್ಪದ ರಸ್ತೆಯುದ್ದಕ್ಕೂ ಕಂಬಗಳನ್ನು ಸಾಲಾಗಿ ಮಲಗಿಸಿ ಹೋಗಿತ್ತು. ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಹೊಲದ ಪಂಪ್‌ಸೆಟ್ ಸುಟ್ಟರೆ ಜನ ಹೊತ್ತು ತರುವುದು ನನ್ನಲ್ಲಿಗೇ. ಕರೆಂಟಿಲ್ಲದ ದಿನ ಮೋಟಾರೂ ಸುಡುವುದಿಲ್ಲ, ನನಗೂ ಕೆಲಸವಿಲ್ಲ. ಹಾಗಾಗಿ ಅಂಗಡಿಯ ಮೂಲೆಯ ಮೇಜಿನ ಮುಂದೆ ಕೂತು, ಹಳೇ ಲಾರಿ ಬ್ಯಾಟರಿಗೆ ಸೆಟ್ಟಿನ ವೈರು ಸಿಕ್ಕಿಸಿ, ಗೆಳೆಯರ ದನಿ ಹುಡುಕುತ್ತಿದ್ದೆ.

ಸೆಟ್ಟು ಎಂದರೆ ಹ್ಯಾಮ್ ರೇಡಿಯೋ. ಹಾಡು, ವಾರ್ತೆ ಬರುವ ರೇಡಿಯೋ ಅಲ್ಲ. ನಾವು ಮಾತಾಡಿದರೆ ದೂರದ ಊರಿನವರು ಉತ್ತರ ಕೊಡುವ ರೇಡಿಯೋ. ಪರೀಕ್ಷೆ ಬರೆದು ದೆಹಲಿಯಿಂದ ಲೈಸೆನ್ಸ್ ತರಿಸಿಕೊಂಡವರು ಮಾತ್ರ ಅದರ ಬಟನ್ ಒತ್ತಬಹುದು. ನಮ್ಮೂರಿನಲ್ಲಿ ನಾನೊಬ್ಬ. ಸೊರಬ ತಾಲ್ಲೂಕಿನ ಜಡೆಯಲ್ಲಿ ಜಟ್ಟಪ್ಪ ಎನ್ನುವ ರೈತ ಒಬ್ಬ. ಶಿವಮೊಗ್ಗದಲ್ಲಿ ರಿಟೈರಾದ ಹೆಡ್‌ಮಿಸ್ಟ್ರೆಸ್ ರಾಜೇಶ್ವರಮ್ಮ. ಅಲ್ಲಲ್ಲಿ ಇನ್ನೂ ನಾಲ್ಕೈದು ಮಂದಿ. ದಿನಾ ಬೆಳಗ್ಗೆ ಎಲ್ಲರೂ ಒಂದೇ ಕಡೆ ಸೆಟ್ಟು ತಿರುಗಿಸಿ ಸೇರುತ್ತಿದ್ದೆವು. ತಿಂಡಿ ಏನು, ಬಿತ್ತನೆ ಆಯಿತೇ, ಮೊಮ್ಮಗನಿಗೆ ಹಲ್ಲು ಬಂತೇ, ಇಂಥವೇ ಮಾತು. ಬೇರೆಯವರ ಸಂದೇಶವನ್ನು ನಾವು ದಾಟಿಸುವಂತಿಲ್ಲ, ಅದು ಸರ್ಕಾರದ ನಿಯಮ. ಜೀವಕ್ಕೆ ಅಪಾಯ ಬಂದರೆ ಮಾತ್ರ ಆ ನಿಯಮ ಸಡಿಲ. ಹನ್ನೊಂದು ವರ್ಷದಲ್ಲಿ ನನಗೆ ಅಂಥ ಪ್ರಸಂಗ ಬಂದಿರಲಿಲ್ಲ.

ಈ ಸೆಟ್ಟಿನ ಒಂದು ಗುಣವನ್ನು ಮೊದಲೇ ಹೇಳಿಬಿಡಬೇಕು. ಬಟನ್ ಒತ್ತಿ ಮಾತಾಡುವಾಗ ಎದುರಿನವರ ದನಿ ಕೇಳಿಸುವುದಿಲ್ಲ. ಟೆಲಿಫೋನಿನ ಹಾಗಲ್ಲ. ನಾನು ಮಾತಾಡುವಷ್ಟು ಹೊತ್ತೂ ನನ್ನ ಪಾಲಿಗೆ ಲೋಕ ಮೂಕ. ನನ್ನ ಹೆಂಡತಿ ಶಕುಂತಲಾ ಅದಕ್ಕೇ ನಗುತ್ತಿದ್ದಳು: "ಈ ಮಷಿನ್ನು ನಿಮ್ಮ ಸಲುವಾಗೇ ಮಾಡ್ಯಾರ ನೋಡ್ರಿ. ಬ್ಯಾರೆಯವ್ರು ಏನಂತಾರ ಅಂತ ಕೇಳೋ ತ್ರಾಸೇ ಇಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ನಾನು ಬಾಯಿ ತೆರೆದರೆ ಮುಚ್ಚುವುದು ಕಷ್ಟ.

ಅವತ್ತು ಆರು ಗಂಟೆಯ ಬಸ್ಸಿಗೆ ನನ್ನ ಮಗಳು ಗಂಗಾಶ್ರೀ ಜಡೆಗೆ ಹೊರಟಿದ್ದಳು. ಅವಳಿಗೆ ಹತ್ತೊಂಬತ್ತು. ಜಟ್ಟಪ್ಪನ ಬ್ಯಾಟರಿ ಚಾರ್ಜರಿನ ಟ್ರಾನ್ಸ್‌ಫಾರ್ಮರು ಸುಟ್ಟು ಹದಿನೈದು ದಿನವಾಗಿತ್ತು. ಅದನ್ನು ನಾನು ಹೊಸದಾಗಿ ಸುತ್ತಿಕೊಟ್ಟಿದ್ದೆ. ಟವೆಲ್ಲಿನಲ್ಲಿ ಸುತ್ತಿ ಅವಳ ಚೀಲಕ್ಕಿಟ್ಟು ಕಳಿಸಿದೆ. ಸೊರಬದ ಬಸ್‌ಸ್ಟ್ಯಾಂಡಿಗೆ ಜಟ್ಟಪ್ಪನ ಮಗಳು ಸ್ಪಂದನ ಬಂದು ಅವಳನ್ನು ಜಡೆಯ ಬಸ್ಸಿಗೆ ಹತ್ತಿಸಿಕೊಳ್ಳುವುದೆಂದು ಮಾತಾಗಿತ್ತು. ಇಬ್ಬರೂ ಓರಗೆಯವರು, ಕಾಲೇಜಿನಲ್ಲಿ ಒಂದೇ ಬೆಂಚು. ನಾನೇ ಹೋಗಬಹುದಿತ್ತು. ಬೆಳಗಿನ ಮಾತುಕತೆ ತಪ್ಪುತ್ತದಲ್ಲ ಎಂದು ಹೋಗಲಿಲ್ಲ.

ಹತ್ತು ಗಂಟೆ ಹತ್ತು ನಿಮಿಷ. ಯಾರು ಯಾವಾಗ ಮಾತಾಡಿದರೆಂದು ಬರೆದಿಡುವ ಲಾಗ್‌ಬುಕ್ಕಿನಲ್ಲಿ ಹಾಗೇ ಇದೆ. ಯಾರೋ ಹಲಸಿನ ಹಣ್ಣಿನ ವಿಷಯ ಹೇಳುತ್ತಿದ್ದರು. ಅದರಡಿಯಿಂದ ಒಂದು ಸಣ್ಣ ದನಿ ಎದ್ದು ಬಂತು.

"ತುರ್ತು, ತುರ್ತು, ತುರ್ತು. ಜಡೆಯಿಂದ ಜಟ್ಟಪ್ಪ. ಕೆರೆ ಏರಿ ಕುಸಿದು ಬಸ್ಸು ಬಿದ್ದೈತೆ. ಸೊರಬದಿಂದ ಬರ್ತಿದ್ದ ಬಸ್ಸು..."

ಅದು ಗಂಗಾಳ ಬಸ್ಸು. ಕೈ ತಾನಾಗಿ ಬಟನ್ ಒತ್ತಿತು.

"ಜಟ್ಟಪ್ಪ! ಹೆದರಬ್ಯಾಡಪಾ, ನಾವೆಲ್ಲ ಅದೀವಿ. ನೀನು ಧೈರ್ಯ ಬಿಡಬ್ಯಾಡ. ಎಲ್ಲಾರೂ ಸೇರಿ ಏನಾರ ಮಾಡೂಣು. ಸೊರಬಕ್ಕೆ ಯಾರನ್ನಾರ ಕಳಿಸೀಯೇನು? ಜೀವ ಗಟ್ಟಿ ಮಾಡ್ಕೊ. ದೇವರು ಅದಾನೆ. ನಾನು ಇಲ್ಲೇ ಕುಂತೀನಿ, ಎಲ್ಲೂ ಹೋಗಂಗಿಲ್ಲ..."

ಎಷ್ಟು ಹೊತ್ತು ಹೀಗೆ ಮಾತಾಡಿದೆನೋ! ಒಂದು ನಿಮಿಷವಂತೂ ಹೌದು, ಹೆಚ್ಚೂ ಇದ್ದೀತು. ಬಟನ್ ಬಿಟ್ಟಾಗ ನನ್ನಂಥವರೇ ಐದು ಜನ ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು. "ಜಟ್ಟಪ್ಪನೋರೇ ಧೈರ್ಯ", "ಏನೂ ಆಗಲ್ಲ", "ನಾವಿದೀವಿ". ಎಲ್ಲ ಒಳ್ಳೆಯ ಮಾತು, ಎಲ್ಲ ಕರುಣೆ. ಆ ಕರುಣೆಯ ಗದ್ದಲದಡಿ ಜಟ್ಟಪ್ಪನ ದನಿ ಬಾವಿಗೆ ಬಿದ್ದ ಕೊಡದಂತೆ ಕಾಣೆಯಾಗಿತ್ತು.

ಆಗ ರಾಜೇಶ್ವರಮ್ಮನ ದನಿ ಬಂತು. ನಲವತ್ತು ವರ್ಷ ಮಕ್ಕಳನ್ನು ಸುಮ್ಮನಿರಿಸಿದ ದನಿ.

"ಎಲ್ಲರೂ ಬಾಯಿ ಮುಚ್ಚಿ! ಈಗಿನಿಂದ ಇದು ತುರ್ತು ಕೆಲಸ, ನಡೆಸುವವಳು ನಾನು. ನಾನು ಕರೆಯದೆ ಯಾರೂ ಬಟನ್ ಮುಟ್ಟಬಾರದು. ಸಮಾಧಾನ ಹೇಳುವವರು ಆಮೇಲೆ ಕಾರ್ಡು ಬರೆದು ಹೇಳಿ. ಇನ್ನೊಂದು ಮಾತು. ಗಾಯವಾದವರ, ತೀರಿಕೊಂಡವರ ಹೆಸರು ಗಾಳಿಯಲ್ಲಿ ಬರಕೂಡದು. ಎಷ್ಟು ಜನ, ಗಂಡೋ ಹೆಣ್ಣೋ, ಎಷ್ಟು ವಯಸ್ಸು, ಏನು ಬೇಕು, ಅಷ್ಟೇ. ನನಗೆ ಜಡೆ ಸರಿಯಾಗಿ ಕೇಳುತ್ತಿಲ್ಲ. ಸದಾಶಿವಪ್ಪನವರೇ, ನಿಮಗೆ?"

"ಸಣ್ಣಗೆ ಕೇಳ್ತೈತ್ರಿ, ಮೇಡಂ," ಅಂದೆ ನಾನು.

"ಹಾಗಾದರೆ ನೀವೇ ಬರೆದುಕೊಳ್ಳಿ. ಬರೆದದ್ದನ್ನು ಹಾಗೆಯೇ ತಿರುಗಿ ಓದಿ. ನಿಮ್ಮದೊಂದು ಮಾತೂ ಸೇರಬಾರದು. ಜಡೆ, ಹೇಳಿ."

ನಾನು ಪೆನ್ಸಿಲ್ ಹಿಡಿದೆ. ಜಟ್ಟಪ್ಪ ಮಾತಾಡತೊಡಗಿದ. ಅವನ ದನಿ ನನಗೆ ಗೊತ್ತು. ಭತ್ತದ ಗದ್ದೆಗೆ ನೀರು ಬಿಟ್ಟ ಖುಷಿಯನ್ನೂ, ಎಮ್ಮೆ ಕರು ಹಾಕಿದ ಸುದ್ದಿಯನ್ನೂ ರಾಗವಾಗಿ ಹೇಳುವವ. ಈಗ ಆ ರಾಗವೆಲ್ಲ ಯಾರೋ ಒರೆಸಿ ತೆಗೆದ ಹಾಗಿತ್ತು. ಒಂದೊಂದೇ ಪದವನ್ನು ಇಟ್ಟಿಗೆ ಜೋಡಿಸಿದಂತೆ ಇಡುತ್ತಿದ್ದ. ನಡುನಡುವೆ ದನಿ ಸರ್ರನೆ ಕೆಳಗಿಳಿದು, ಸರಸರ ಸದ್ದಿನಲ್ಲಿ ಮುಳುಗಿ, ಮತ್ತೆ ಮೇಲೇಳುತ್ತಿತ್ತು. ಬ್ಯಾಟರಿ ಸಾಯುತ್ತಿದೆ ಅಂದುಕೊಂಡೆ.

"ಸಂದೇಶ ಒಂದು. ಬಸ್ಸಿನಲ್ಲಿ ಮೂವತ್ತೊಂದು ಜನ. ಮೂವತ್ತು ಜನ ಹೊರಗೆ. ಒಂಬತ್ತು ಮಂದಿಗೆ ಪೆಟ್ಟು, ಗೂಡ್ಸ್ ಆಟೋದಲ್ಲಿ ಕಳಿಸಿದೀವಿ. ಒಬ್ಬರು ಒಳಗೆ ಸಿಕ್ಕಿಕೊಂಡಿದಾರೆ." ಇಲ್ಲಿ ದನಿ ಮುಳುಗಿತು. ಎದ್ದಿತು. "ಹೆಣ್ಣು. ವಯಸ್ಸು ಹತ್ತೊಂಬತ್ತು, ಇಪ್ಪತ್ತು. ಬಲಗಾಲು ಸೀಟಿನ ಕಬ್ಬಿಣದಡಿ. ನೀರು ಸೊಂಟದವರೆಗೆ. ಬಸ್ಸು ಹೂಳಿಗೆ ಇಳೀತಾ ಐತೆ. ಗ್ಯಾಸ್ ಕಟರ್ ಬೇಕು. ಸೊರಬದ ವೆಲ್ಡಿಂಗ್ ಅಂಗಡಿಯವು ಕರೆಂಟಿನವು, ನಡೆಯಲ್ಲ. ಮುಗೀತು."

ಪೆನ್ಸಿಲ್ಲಿನ ಮೊನೆ ಮುರಿದಿತ್ತು. ವಯಸ್ಸು ಹತ್ತೊಂಬತ್ತು ಎನ್ನುವಲ್ಲಿ ಕಾಗದಕ್ಕೆ ತೂತು ಬಿದ್ದಿತ್ತು.

ಬೆನ್ನ ಹಿಂದೆ ಉಸಿರಿನ ಸದ್ದು ಕೇಳಿ ತಿರುಗಿದೆ. ಅಂಗಡಿಯ ಹಿಂದೆಯೇ ನಮ್ಮ ಮನೆ. ಶಕುಂತಲಾ ಒಳಬಾಗಿಲಲ್ಲಿ ನಿಂತಿದ್ದಳು, ಕೈಯೆಲ್ಲ ರೊಟ್ಟಿ ಹಿಟ್ಟು. ಹೊರಗೆ ಕಟ್ಟೆಯ ಮೇಲೆ ಹೂವು ಮಾರುವ ಲೋಕಮ್ಮ ಮಾಲೆ ಕಟ್ಟುವುದನ್ನು ಬಿಟ್ಟು ಎದ್ದು ನಿಂತಿದ್ದಳು. ಆ ಬಸ್ಸಿನ ಕಂಡಕ್ಟರ್ ರಾಮಪ್ಪ ಅವಳ ತಮ್ಮ.

"ನಮ್ಮ ಗಂಗಾನ ಬಸ್ಸು ಅದಲ್ಲೇನ್ರೀ?" ಶಕುಂತಲಾ ಕೇಳಿದಳು.

ನಾನು ಸೆಟ್ಟಿನ ಕಡೆ ತಿರುಗಿದೆ. ಬಟನ್ ಒತ್ತಿ, ಬರೆದದ್ದನ್ನು ಹಾಗೆಯೇ ತಿರುಗಿ ಓದಿದೆ. "ಹೆಣ್ಣು, ವಯಸ್ಸು ಹತ್ತೊಂಬತ್ತು, ಇಪ್ಪತ್ತು" ಎಂದು ನನ್ನ ಬಾಯಿಂದಲೇ ಹೇಳಿದೆ. ನೀರು ಸೊಂಟದವರೆಗೆ ಎಂದೂ ಹೇಳಿದೆ. ಆಮೇಲೆ ಬಟನ್ ಬಿಟ್ಟೆ. ಬಿಡಲು ಬೆರಳಿಗೆ ಹೇಳಿ ಹೇಳಿ ಬಿಡಿಸಬೇಕಾಯಿತು.

"ಕೇಳ್ರೀ ಅಂತೀನಿ! ಗಂಗಾ ಏನ್ರೀ ಅದು? ಒಂದು ಮಾತು ಕೇಳಾಕೆ ಏನು ಧಾಡಿ ನಿಮಗೆ? ದಿನಾ ಊರು ಉಸಾಬರಿ ಕೇಳ್ತೀರಿ, ಹೆತ್ತ ಮಗಳು ಅದಾಳೋ ಇಲ್ಲೋ ಕೇಳಾಕಾಗಂಗಿಲ್ಲ?"

ಮೈಕಿಗೆ ಕೈ ಹಾಕಿದಳು. ಹಿಟ್ಟಿನ ಕೈ ನನ್ನ ಮಣಿಕಟ್ಟಿನ ಮೇಲೆ ಜಾರಿತು. ನಾನು ಮೈಕನ್ನು ಎದೆಗೆ ಅವುಚಿಕೊಂಡೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಅವಳ ಕೈ ತಳ್ಳಿದ್ದು ಅದೊಂದೇ ಸಲ.

ಎದುರಿನ ಸಾಲಿನಲ್ಲಿ ಚನ್ನೇಶನ ಲಾರಿ ರಿಪೇರಿ ಶೆಡ್ಡು. ಸಿಲಿಂಡರು ಇಟ್ಟುಕೊಂಡು ಕಬ್ಬಿಣ ಕತ್ತರಿಸುವ ಗ್ಯಾಸ್ ಕಟರು ನಮ್ಮೂರಲ್ಲಿ ಇದ್ದದ್ದು ಅವನೊಬ್ಬನ ಹತ್ತಿರ. ಲೋಕಮ್ಮ ಯಾರೂ ಹೇಳದೆಯೇ ಓಡಿ ಹೋಗಿ ಅವನನ್ನು ಕರೆತಂದಳು. ಕಾಗದ ಓದಿದವನೇ ಕೈಯಲ್ಲಿದ್ದ ಸ್ಪ್ಯಾನರನ್ನು ಮೇಜಿನ ಮೇಲೆ ಇಟ್ಟ.

"ಮೆಟಡೋರಿಗೆ ಸಿಲಿಂಡರ್ ಹಾಕ್ತೀನಿ, ಐದೇ ನಿಮಿಷ. ಆದ್ರೆ ಅಣ್ಣಾರೆ, ಒಂದು ಕೇಳ್ರಿ ಅವ್ರನ್ನ. ಡೀಸೆಲ್ ಟ್ಯಾಂಕು ಒಡೆದೈತೇನು? ಒಡೆದು ನೀರಿನ ಮ್ಯಾಲೆ ಹರಡಿದ್ರೆ ನಾನು ಅಲ್ಲಿ ಬೆಂಕಿ ಹಚ್ಚಂಗಿಲ್ಲ. ಒಳಗಿರೋ ಹುಡುಗಿ ಸುಟ್ಟೇ ಹೋಗ್ತಾಳೆ. ಆವಾಗ ಜಾಕು, ಚೈನ್ ಪುಲ್ಲಿ ಒಯ್ಯಬೇಕಾಗ್ತೈತಿ. ಎರಡೂ ಒಯ್ಯಾಕೆ ಗಾಡಿಯಾಗ ಜಾಗ ಇಲ್ಲ."

ಅದೇ ಹೊತ್ತಿಗೆ ಸ್ಪೀಕರಿನಲ್ಲಿ ಜಟ್ಟಪ್ಪ ಮತ್ತೆ ಬಂದ. ಮೊದಲಿಗಿಂತ ಸಣ್ಣ ದನಿ.

"ಸಂದೇಶ ಎರಡು. ನೀರು ಎದೆಯವರೆಗೆ. ಟ್ರ್ಯಾಕ್ಟರ್ ಕಟ್ಟಿ ಎಳೆದ್ವಿ, ಬಸ್ಸು ಇನ್ನೂ ಜಾರ್ತು, ಬಿಟ್ವಿ. ಈಗ ಜಾರದ ಹಾಗೆ ಹಗ್ಗ ಬಿಗಿದು ನಿಲ್ಲಿಸಿದೀವಿ. ಇರೋದು ಅದೊಂದೇ ಟ್ರ್ಯಾಕ್ಟರು, ಅದ್ರ ಬ್ಯಾಟರಿ ಮುಟ್ಟಂಗಿಲ್ಲ. ನನ್ನ ಬ್ಯಾಟರಿ ಮುಗೀತಾ ಬಂತು. ಇನ್ನು ಒಂದು ಸಲ ಮಾತಾಡಬಹುದು. ಆಮೇಲೆ ಆಗಲ್ಲ."

ಆ ಸಂದೇಶವನ್ನೂ ತಿರುಗಿ ಓದಿದೆ. ರಾಜೇಶ್ವರಮ್ಮ ಹೇಳಿದರು: "ಸದಾಶಿವಪ್ಪನವರೇ, ಅವರು ಒಂದು ಸಲವಷ್ಟೇ ಉತ್ತರ ಕೊಡಬಲ್ಲರು. ನೀವು ಒಂದೇ ಪ್ರಶ್ನೆ ಕೇಳಿ. ಯೋಚನೆ ಮಾಡಿ ಕೇಳಿ."

ಅಂಗಡಿಯಲ್ಲಿ ನಾಲ್ಕು ಜನ. ಶಕುಂತಲಾ ನನ್ನ ಮುಖವನ್ನೇ ನೋಡುತ್ತಿದ್ದಳು. ಈಗ ಅವಳು ಕೂಗಲಿಲ್ಲ, ಕೈ ಹಾಕಲಿಲ್ಲ. ಸುಮ್ಮನೆ ಎರಡೂ ಕೈ ಜೋಡಿಸಿದಳು. ದೇವರಿಗಲ್ಲ, ನನಗೆ. ನಾನು ಲೋಕಮ್ಮನ ಕಡೆ ನೋಡಿದೆ. ಯಾಕೆ ನೋಡಿದೆನೋ. ನೀನಾದರೂ ಹೇಳವ್ವ, ಕೇಳು ಅನ್ನು ಎಂದು ಬೇಡಿದಂತೆ ನೋಡಿದ್ದಿರಬೇಕು.

ಲೋಕಮ್ಮ ಅಂದಳು: "ನೀವು ಮಗಳನ್ನ ಕೇಳಿದ್ರೆ ತಪ್ಪಲ್ಲ ಯಪ್ಪಾ. ಆದ್ರೆ ನಾನು ತಮ್ಮನ್ನ ಕೇಳಬ್ಯಾಡೇನು? ಮೂವತ್ತೊಂದು ಜನದ ಮನೆಯವ್ರು ಬಂದು ಸಾಲಾಗಿ ನಿಂತ್ರೆ, ಒಳಗಿರೋ ಕೂಸನ್ನ ಯಾವಾಗ ತೆಗೀತೀರಿ?"

ಮಗಳು ಅದಾಳೋ ಇಲ್ಲೋ ಎಂದು ಕೇಳಿದರೆ ನನಗೊಂದು ಉತ್ತರ ಸಿಗುತ್ತಿತ್ತು. ಒಳಗಿರುವುದು ಅವಳೇ ಆಗಿದ್ದರೆ, ಆ ಉತ್ತರ ಅವಳಿಗೆ ಯಾವ ಉಪಕಾರಕ್ಕೂ ಬರುತ್ತಿರಲಿಲ್ಲ. ಡೀಸೆಲಿನ ಪ್ರಶ್ನೆ ಉಪಕಾರಕ್ಕೆ ಬರುತ್ತಿತ್ತು. ಇದನ್ನೆಲ್ಲ ಈಗ ಬರೆಯುವಾಗ ಹೀಗೆ ಜೋಡಿಸಿ ಹೇಳುತ್ತಿದ್ದೇನೆ. ಆಗ ತಲೆಯಲ್ಲಿ ಇದ್ದದ್ದು ಎದೆಯವರೆಗೆ ನೀರು, ಅಷ್ಟೇ. ಗಂಗಾಗೆ ಈಜು ಬರುವುದಿಲ್ಲ. ಅಂಜನಾಪುರದ ಡ್ಯಾಮಿಗೆ ಕರಕೊಂಡು ಹೋದಾಗಲೂ ಮೆಟ್ಟಿಲ ಮೇಲೆ ಕೂತು ಕಾಲು ಮಾತ್ರ ಇಳಿಬಿಡುತ್ತಿದ್ದವಳು.

ಬಟನ್ ಒತ್ತಿದೆ. "ಜಟ್ಟಪ್ಪ. ಪ್ರಶ್ನೆ. ಡೀಸೆಲ್ ಟ್ಯಾಂಕ್ ಒಡೆದಿದೆಯೇ, ನೀರಿನ ಮೇಲೆ ಡೀಸೆಲ್ ಇದೆಯೇ?" ಬಿಟ್ಟೆ.

ಶಕುಂತಲಾ ನೆಲಕ್ಕೆ ಕುಸಿದು ಕೂತಳು. ನನ್ನನ್ನು ನೋಡುವುದನ್ನು ನಿಲ್ಲಿಸಿದಳು.

ಉತ್ತರ ಬರಲು ತಡವಾಯಿತು. ಯಾರೋ ಕೆರೆಯ ಕಡೆ ಓಡಿ ಹೋಗಿ ನೋಡಿ ಬಂದಿರಬೇಕು. ಆಮೇಲೆ ತರಗೆಲೆಯ ಮೇಲೆ ನಡೆದಂಥ ಸದ್ದಿನ ನಡುವೆ: "ಒಡೆದೈತೆ. ನೀರೆಲ್ಲ ಡೀಸೆಲ್. ಬೆಂಕಿ ತರಬ್ಯಾಡಿ. ಬೆಂಕಿ ತರಬ್ಯಾಡಿ. ಬ್ಯಾಗ ಬನ್ನಿ..." ಅಲ್ಲಿಗೆ ದನಿ ಇಳಿಯಿತು. ಈ ಸಲ ಏಳಲಿಲ್ಲ.

ಚನ್ನೇಶ ಆಗಲೇ ಓಡಿದ್ದ. ಸಿಲಿಂಡರನ್ನು ಕೆಳಗಿಳಿಸಿ ಲಾರಿ ಎತ್ತುವ ಎರಡು ಜಾಕು, ಚೈನ್ ಪುಲ್ಲಿ, ಮರದ ದಿಮ್ಮಿ ಹಾಕಿಕೊಂಡ. ಸುದ್ದಿ ತಿಳಿದು ಓಡಿ ಬಂದ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಚೀಲ ಹಿಡಿದು ಮುಂದಿನ ಸೀಟಿನಲ್ಲಿ ಕೂತರು. ನನ್ನ ಹತ್ತಿರ ಚಾರ್ಜು ಮಾಡಿಟ್ಟ ಇನ್ನೊಂದು ಬ್ಯಾಟರಿ ಇತ್ತು. ಅದನ್ನು ಹೊತ್ತು ತಂದು ಗಾಡಿಯೊಳಗಿಟ್ಟೆ. ಒಂದು ಕಾಲನ್ನೂ ಗಾಡಿಯ ಮೇಲಿಟ್ಟೆ.

"ನೀವೂ ಹತ್ರಿ ಅಣ್ಣಾರೆ," ಅಂದ ಚನ್ನೇಶ.

ಹತ್ತಿದ್ದರೆ ಸೆಟ್ಟಿನ ಮುಂದೆ ಕೂರುವವರು ಯಾರು? ಬಟನ್ ಒತ್ತುವ ಲೈಸೆನ್ಸ್ ಇದ್ದವ ನಾನೊಬ್ಬನೇ. ಜಡೆಯಿಂದ ಇನ್ನೊಂದು ಸಂದೇಶ ಬಂದರೆ ಕೇಳುವವರಿಲ್ಲ. ಕಾಲು ಕೆಳಗಿಳಿಸಿದೆ. "ಆ ಬ್ಯಾಟರಿ ಮೊದಲು ಜಟ್ಟಪ್ಪನ ಕೈಗೆ ಕೊಡು," ಅಂದೆ. ಮೆಟಡೋರು ಶಿರಾಳಕೊಪ್ಪದ ಕಡೆ ಧೂಳೆಬ್ಬಿಸಿ ಹೋಯಿತು. ಹತ್ತು ನಲವತ್ತು.

ಆಮೇಲಿನ ಮೂರು ಗಂಟೆಗಳ ಬಗ್ಗೆ ಲಾಗ್‌ಬುಕ್ಕಿನಲ್ಲಿ ಒಂದೇ ಸಾಲು ಇದೆ: ಕೇಳುತ್ತಿದ್ದೇನೆ.

ನಿಯಮವೇ ಹಾಗೆ. ಕೆಲಸವಿಲ್ಲದ ಸ್ಟೇಷನ್ನು, ಅಂದರೆ ಸೆಟ್ಟಿನ ಮುಂದಿರುವವ, ಸುಮ್ಮನೆ ಕೇಳುತ್ತಿರಬೇಕು. ನಡೆಸುವವರು ಬಿಡುಗಡೆ ಕೊಡುವವರೆಗೆ ಸೆಟ್ಟು ಬಿಟ್ಟು ಏಳುವಂತಿಲ್ಲ. ಕರೆಯಬಾರದು, ಎಲ್ಲಿದ್ದೀ ಹೇಗಿದ್ದೀ ಎನ್ನಬಾರದು. ಬೆಳಗ್ಗೆ ಹಲಸಿನ ಹಣ್ಣಿನ ಮಾತು ಹಂಚಿಕೊಂಡ ಐದೂ ಜನ ಅಲ್ಲೇ ಇದ್ದರು. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರೆಂದು ನನಗೆ ಗೊತ್ತು. ಒಬ್ಬರೂ ಒಂದು ಚಿಟಿಕೆ ಸದ್ದು ಮಾಡಲಿಲ್ಲ. ಅರ್ಧ ಗಂಟೆಗೊಮ್ಮೆ ರಾಜೇಶ್ವರಮ್ಮ, "ಶಿಕಾರಿಪುರ?" ಎನ್ನುತ್ತಿದ್ದರು. ನಾನು, "ಏನೂ ಇಲ್ಲ, ಮೇಡಂ," ಎನ್ನುತ್ತಿದ್ದೆ. ಮತ್ತೆ ಆ ಸರಸರ.

ಆ ಸರಸರದಲ್ಲಿ ಏನೇನೋ ಕೇಳಿಸುತ್ತದೆ. ಒಮ್ಮೆ ಅಳು ಕೇಳಿಸಿತು. ಇನ್ನೊಮ್ಮೆ "ಅಪ್ಪಾಜಿ" ಎಂದಂತಾಯಿತು, ಗಂಗಾ ನನ್ನನ್ನು ಕರೆಯುವುದು ಹಾಗೆ. ಸ್ಪೀಕರಿಗೆ ಕಿವಿ ಹಚ್ಚಿ ಕೂತೆ. ಏನೂ ಇಲ್ಲ. ಮನಸ್ಸು ಒಂದೇ ಲೆಕ್ಕ ಹಾಕುತ್ತಿತ್ತು. ಸೊಂಟದಿಂದ ಎದೆಗೆ ನೀರು ಏರಲು ಹದಿನೈದು ನಿಮಿಷ. ಎದೆಯಿಂದ ಕುತ್ತಿಗೆಗೆ? ಕುತ್ತಿಗೆಯಿಂದ ಬಾಯಿಗೆ? ಟ್ರ್ಯಾಕ್ಟರಿನ ಹಗ್ಗ ಹೊಸದೋ, ಹಳೇದೋ? ಗಂಗಾ ಎಷ್ಟು ಎತ್ತರ? ಮಗಳ ಎತ್ತರ ನನಗೆ ಗೊತ್ತಿರಲಿಲ್ಲ. ನನ್ನ ಭುಜಕ್ಕೆ ಬರುತ್ತಾಳೆ ಎಂದಷ್ಟೇ ಗೊತ್ತು. ಎದ್ದು ನಿಂತು ಭುಜದಿಂದ ನೆಲಕ್ಕೆ ಗೇಣು ಹಾಕಿ ಅಳೆದೆ. ಲೋಕಮ್ಮ ಅದನ್ನು ನೋಡಿ ಮುಖ ತಿರುಗಿಸಿಕೊಂಡಳು.

ಜಟ್ಟಪ್ಪನ ಮೇಲೆ ಸಿಟ್ಟೂ ಬಂತು. ಎಷ್ಟು ಒಣಗಿದ ದನಿಯಲ್ಲಿ ಹೇಳಿದ! ಹೆಣ್ಣು, ವಯಸ್ಸು ಇಷ್ಟು, ನೀರು ಇಷ್ಟು. ನನ್ನ ಮಗಳೆಂದು ಗೊತ್ತಿದ್ದೂ ಭತ್ತದ ಮೂಟೆ ಎಣಿಸಿದಂತೆ ಹೇಳಿದನಲ್ಲ. ಅವನಿಗೆ ಕರುಳಿಲ್ಲವೇ ಅನ್ನಿಸಿತು.

ಶಕುಂತಲಾ ನೆಲದಿಂದ ಏಳಲೇ ಇಲ್ಲ. ಕೈಯ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಒಮ್ಮೆ ಮಾತ್ರ ಅಂದಳು, "ಆ ಟ್ರಾನ್ಸ್‌ಫಾರ್ಮರು ಬಾಳ ಭಾರ ಐತಿ ಅಂದಿದ್ಲು. ಚೀಲ ತೊಡೆ ಮ್ಯಾಲೆ ಇಟ್ಕೊಂಡು ಕುಂತಿರ್ತಾಳೆ."

ಒಂದು ನಲವತ್ತೈದು.

ಸ್ಪೀಕರು ಒಮ್ಮೆಲೇ ಗಡುಸಾಗಿ ಕೂಗಿತು. ಹೊಸ ಬ್ಯಾಟರಿಯ ದನಿ, ಪಕ್ಕದ ಮನೆಯಿಂದ ಬಂದಂತೆ. "ಜಡೆಯಿಂದ ಜಟ್ಟಪ್ಪ. ಸಂದೇಶ ಮೂರು. ಹೆಣ್ಣುಮಗಳನ್ನ ಹೊರಗೆ ತೆಗೆದ್ರು. ಉಸಿರೈತೆ. ಮಾತಾಡ್ತಾಳೆ. ಕಾಲು... ಕಾಲಿನ ವಿಷಯ ಡಾಕ್ಟರು ನೋಡ್ತಿದಾರೆ, ಉಳಿಯುತ್ತೋ ಇಲ್ವೋ ಈಗಲೇ ಹೇಳಕ್ಕಾಗಲ್ಲ ಅಂದ್ರು. ಚನ್ನೇಶಪ್ಪನೋರು ಜಾಕು ಕೊಟ್ಟು ಸೀಟು ಎತ್ತಿದ್ರು. ನೀರು ಗಲ್ಲಕ್ಕೆ ಬಂದಿತ್ತು. ಮುಗೀತು."

ತಿರುಗಿ ಓದುವಾಗ "ಉಸಿರಿದೆ" ಎನ್ನುವುದನ್ನು ಎರಡು ಸಲ ಓದಿದೆ. ಆಮೇಲೆ ರಾಜೇಶ್ವರಮ್ಮ ಕರೆದರು.

"ಸದಾಶಿವಪ್ಪನವರೇ, ನೀವು ಬೆಳಗ್ಗಿನಿಂದ ಏನನ್ನೋ ಕೇಳದೆ ನುಂಗಿಕೊಂಡು ಕೂತಿದ್ದೀರಿ. ನಿಮ್ಮ ಓದಿನಲ್ಲೇ ಗೊತ್ತಾಗುತ್ತಿತ್ತು. ಈಗ ಬ್ಯಾಟರಿ ಇದೆ. ಕೇಳಿ."

"ಜಟ್ಟಪ್ಪ," ಅಂದೆ. "ನಮ್ಮ ಗಂಗಾ ಹೆಂಗದಾಳಪ್ಪ? ಕಾಲು ಹೋದ್ರೂ ಪರವಾಗಿಲ್ಲ. ಹೆಂಗದಾಳೆ ಹೇಳು."

"ಗಂಗಾನ? ಎಂತ ಮಾರಾಯ್ರೆ? ನಿಮಗೆ ಮೊದಲೇ ಹೇಳಿದ್ನಲ್ಲ! ಬೆಳಗ್ಗೆ ಬಾಯಿ ತೆಗೆದ ಕೂಡ್ಲೇ ಹೇಳಿದ್ದೇ ಅದು. ಸದಾಶಿವಣ್ಣ, ನಿಮ್ಮ ಮಗಳು ಹೊರಗೆ ಬಂದಾಳೆ, ಏನೂ ಆಗಿಲ್ಲ ಅಂತ. ಆಮೇಲೆ ಹೆಸರು ಹೇಳಬ್ಯಾಡಿ ಅಂತ ಮೇಡಂ ಅಂದ್ರು, ಮತ್ತೆ ಹೇಳ್ಲಿಲ್ಲ. ನಿಮಗೆ ಗೊತ್ತೈತೆ ಅಂದ್ಕಂಡಿದ್ದೆ. ಕೇಳ್ಲಿಲ್ವಾ?"

ಕೇಳಿರಲಿಲ್ಲ. ಆ ಒಂದು ನಿಮಿಷ ನಾನು ಬಟನ್ ಒತ್ತಿಕೊಂಡು, ಹೆದರಬ್ಯಾಡಪಾ, ನಾವೆಲ್ಲ ಅದೀವಿ ಎನ್ನುತ್ತಿದ್ದೆ.

ಶಕುಂತಲಾ ಮೇಜು ಹಿಡಿದು ಎದ್ದಿದ್ದಳು. "ಎಲ್ಲದಾಳೆ ಅಂತ ಕೇಳ್ರಿ," ಅಂದಳು, ಪಿಸುದನಿಯಲ್ಲಿ.

"ಇಲ್ಲೇ. ನನ್ನ ಅಂಗಳದಲ್ಲಿ," ಅಂದ ಜಟ್ಟಪ್ಪ. "ಗಾಳಿಗೆ ನನ್ನ ಆಂಟೆನಾ ಕಂಬ ಮುರಿದು ತಂತಿ ನೆಲಕ್ಕೆ ಬಿದ್ದಿತ್ತು. ಮಾವಿನಕಾಯಿ ಕೀಳೋ ದೋಟಿ ಇತ್ತಲ್ಲ, ಅದ್ರ ತುದಿಗೆ ತಂತಿ ಸಿಕ್ಕಿಸಿ ಎತ್ತಿ ಹಿಡ್ಕಂಡು ನಿಂತದ್ದು ಅವಳೇ. ಮನೆ ಜನ ಎಲ್ಲ ಕೆರೇಲಿದ್ರು. ಅವಳು ಕೈ ಸೋತು ಇಳಿಸಿದಾಗ ನನ್ನ ದನಿ ನಿಮಗೆ ಇಳಿದಿರ್ಬೇಕು. ಬೆಳಗ್ಗೆ ಮಾತಾಡಿದಾಗೆಲ್ಲ ಹಿಡಿದ್ಲು, ಈಗಲೂ ಹಿಡಿದಾಳೆ."

ಆ ದನಿ ಮುಳುಗಿ ಎದ್ದದ್ದು ಬ್ಯಾಟರಿಯಿಂದಲ್ಲ. ಬೆಳಗಿನಿಂದ ನಾನು ನನ್ನ ಮಗಳ ತೋಳಿನ ಸುಸ್ತನ್ನೇ ಕೇಳುತ್ತಿದ್ದೆ.

"ಹಂಗಾರೆ ಒಳಗಿದ್ದ ಹುಡುಗಿ..." ಎಂದು ಶುರು ಮಾಡಿದವನು ಅಲ್ಲೇ ನಿಂತೆ. ಬಸ್‌ಸ್ಟ್ಯಾಂಡಿಗೆ ಬಂದು ಗಂಗಾಳನ್ನು ಹತ್ತಿಸಿಕೊಳ್ಳಬೇಕಾಗಿದ್ದವಳು, ಓರಗೆಯವಳು, ಅದೇ ಬೆಂಚಿನವಳು. ಇಷ್ಟು ಹೊತ್ತೂ ನನಗೆ ಅವಳ ನೆನಪೇ ಬಂದಿರಲಿಲ್ಲ.

"ನಮ್ಮ ಸ್ಪಂದನ," ಅಂದ ಜಟ್ಟಪ್ಪ. ಈಗ ಆ ಒಣ ದನಿ ಒಡೆಯಿತು. "ಕಿಟಕಿ ಪಕ್ಕ ಗಂಗಾನ್ನ ಕೂರಿಸಿ ತಾನು ಈ ಕಡೆ ಕೂತಿದ್ಲಂತೆ. ಸದಾಶಿವಣ್ಣ, ಅವಳು ಕೆರೇಲಿ ಕೂಗ್ತಿದ್ದದ್ದು ನನಗೆ ಇಲ್ಲಿಗೆ ಕೇಳ್ತಿತ್ತು. ಹೋಗಿ ನೋಡಿದ್ರೆ ಮತ್ತೆ ಬಂದು ಕೂರಕ್ಕೆ ಆಗ್ತಿರ್ಲಿಲ್ಲ. ಅದಕ್ಕೇ ಹೋಗ್ಲಿಲ್ಲ."

ಬಟನ್ ಮೇಲೆ ಬೆರಳಿತ್ತು, ಒತ್ತಲಿಲ್ಲ.

ಲೋಕಮ್ಮ ಹತ್ತಿರ ಬಂದಳು. "ನಂದೊಂದು ಕೇಳ್ತೀರೇನು ಯಪ್ಪಾ?"

ಕೇಳಿದೆ. ಕಂಡಕ್ಟರು ರಾಮಪ್ಪ ಮುಂಗೈಯಿಂದ ಗಾಜು ಒಡೆದು ಅರ್ಧ ಬಸ್ಸಿನ ಜನರನ್ನು ಎಳೆದು ಹಾಕಿದನಂತೆ. ಕೈ ತುಂಬ ಹೊಲಿಗೆ, ಬೇರೇನಿಲ್ಲ. ಲೋಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಟ್ಟೆಗೆ ಹೋಗಿ ಕೂತಳು. ಬಾಡಿದ ಮಲ್ಲಿಗೆಯನ್ನೇ ಎತ್ತಿ ಕಟ್ಟತೊಡಗಿದಳು.

"ಗಂಗಾನ್ನ ಮಾತಾಡ್ಸಿ ಅಂತ ನಾನು ಹೇಳಂಗಿಲ್ಲ," ಅಂದೆ ಕೊನೆಗೆ. "ಆಕೆಗೆ ಲೈಸೆನ್ಸ್ ಇಲ್ಲ. ಆದ್ರೆ ಜಟ್ಟಪ್ಪ, ನೀನು ಬಟನ್ ಹಿಡ್ಕೊಂಡು ಒಂದ್ಸಲ ಎಣಿಸು. ಆಕೆಗೆ ದೋಟಿ ಇಳಿಸಿ ಎತ್ತು ಅನ್ನು. ಅವರವ್ವ ಇಲ್ಲೇ ನಿಂತಾಳೆ."

ಜಟ್ಟಪ್ಪ ಎಣಿಸಿದ. ಒಂದು, ಎರಡು, ಮೂರು. ನಾಲ್ಕಕ್ಕೆ ಅವನ ದನಿ ಕುಗ್ಗಿ ಸರಸರದಲ್ಲಿ ಮುಳುಗಿತು. ಶಕುಂತಲಾ ನನ್ನ ತೋಳನ್ನು ಉಗುರು ಇಳಿಯುವಂತೆ ಹಿಡಿದಳು. ಏಳಕ್ಕೆ ದನಿ ನಿಧಾನವಾಗಿ, ನಡುಗುತ್ತ ಮೇಲೆ ಬಂತು. ಎಂಟು, ಒಂಬತ್ತು, ಹತ್ತು.

"ಆಕೀನೇ," ಅಂದಳು ಶಕುಂತಲಾ.

ಅವನು ಹನ್ನೊಂದು, ಹನ್ನೆರಡು ಎಂದು ಎಣಿಸುತ್ತಲೇ ಇದ್ದ, ನಿಲ್ಲಿಸಲು ಯಾರೂ ಹೇಳಿಲ್ಲವೆಂಬಂತೆ. ಅವನು ಬಟನ್ ಬಿಟ್ಟ ಗಳಿಗೆ ನೋಡಿ ಹೇಳಿದೆ, "ಸಾಕು ಜಟ್ಟಪ್ಪ, ಎದ್ದೇಳು. ಮಗಳ ಹತ್ರ ಹೋಗು."

"ಮೇಡಂ ಬಿಡುಗಡೆ ಕೊಡ್ಲಿ, ಸದಾಶಿವಣ್ಣ. ಕೊಡದೆ ಏಳಂಗಿಲ್ಲ, ಅಲ್ವಾ?"

ರಾಜೇಶ್ವರಮ್ಮ ಮೂಗು ಏರಿಸಿಕೊಂಡ ಸದ್ದು ಗಾಳಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಅವರೂ ಬಟನ್ ಒತ್ತಿಕೊಂಡೇ ಅತ್ತುಬಿಟ್ಟಿದ್ದರು. "ಜಡೆ ಸ್ಟೇಷನ್, ನಿಮಗೆ ಬಿಡುಗಡೆ. ಓಡಿ ಹೋಗಿ, ತಂದೆ."

ಒಂದು ಚಿಟಿಕೆ ಸದ್ದು. ಆಮೇಲೆ ಬರೀ ಸರಸರ. ಅಲ್ಲಿ ಅಂಗಳದಲ್ಲಿ ಗಂಗಾ ದೋಟಿ ಇಳಿಸಿರಬೇಕು. ನಾನು ಮೈಕನ್ನು ಮೇಜಿನ ಮೇಲೆ ಇಟ್ಟೆ. ಅದರ ಬಟನ್ನಿನ ಸುತ್ತ ರೊಟ್ಟಿ ಹಿಟ್ಟು ಒಣಗಿ ಅಂಟಿತ್ತು. ಒರೆಸಲಿಲ್ಲ. ಸೆಟ್ಟನ್ನೂ ಆರಿಸಲಿಲ್ಲ. ಶಿಕಾರಿಪುರಕ್ಕೆ ಇನ್ನೂ ಬಿಡುಗಡೆ ಸಿಕ್ಕಿರಲಿಲ್ಲ.